ಗುಡ್ಡರ ಪದ, ಗಾಯಕರ ಕಂಠ

1996–97ನೇ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ ಎಲ್.ಎನ್. ಶಾಸ್ತ್ರಿ ಅವರಿಗೆ ಸಂದಿತು. ತಂದುಕೊಟ್ಟದ್ದು ‘ಜನುಮದ ಜೋಡಿ’ ಚಿತ್ರದ ‘ಕೋಲುಮಂಡೆ’ ಹಾಡು. ಟಿ.ಎಸ್. ನಾಗಾಭರಣರ ನಿರ್ದೇಶನ, ವಿ. ಮನೋಹರ್ ಸಂಗೀತ, ಶಿವರಾಜ್‌ಕುಮಾರ್ ನಾಯಕ. ಚಿತ್ರವೂ ಓಡಿತು, ಕ್ಯಾಸೆಟ್ಟೂ ಓಡಿತು. ಗುಜರಾತಿನ ಪನ್ನಾಲಾಲ್ ಪಟೇಲರ ಕಾದಂಬರಿಯಿಂದ ಹುಟ್ಟಿದ ಕತೆಯೊಳಗೆ ಹನೂರಿನ ಮಲೆಯ ದೇವರು ಮಾದಪ್ಪನ ಪದವೊಂದು ಬಂದು ಅಷ್ಟು ಸಲೀಸಾಗಿ ಕೂತದ್ದು ನನಗೆ ಇಂದಿಗೂ ಬೆರಗು. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯ ಕೇಳುಗರಿಗೆ ಅದು ಹೊಸ ಸಿನಿಮಾ ಹಾಡು. ಕೊಳ್ಳೇಗಾಲ, ಹನೂರು, ಯಳಂದೂರಿನ ಹಳ್ಳಿಗಳಿಗೆ ಅದು ಮನೆಬಾಗಿಲಿಗೆ ಬಂದು ನಿಲ್ಲುತ್ತಿದ್ದ ಪದ. ಸೋಮವಾರವೋ ಹಬ್ಬದ ದಿನವೋ ಮಾದಪ್ಪನ ಪದ ಹಾಡುವ ದೇವರಗುಡ್ಡರು ಬಂದು ಕಂಸಾಳೆ ತಟ್ಟಿದರೆಂದರೆ ಒಳಗಿದ್ದವರು ಮೊರದಲ್ಲಿ ರಾಗಿಯನ್ನೋ ಅಕ್ಕಿಯನ್ನೋ ತುಂಬಿಕೊಂಡು ಹೊರಗೆ ಬರಬೇಕು. ಆ ಭಿಕ್ಷೆಗೆ ಕ್ವಾರಣ್ಯ ಎಂದು ಹೆಸರು. ಕೋಲುಮಂಡೆ ಪದ ಇರುವುದೇ ಆ ಕ್ವಾರಣ್ಯದ ಸಂದರ್ಭಕ್ಕೆ.

ನಾಯಕನ ತಂದೆ ರಾಜ್‌ಕುಮಾರ್, ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ. ಸಿಂಗಾನಲ್ಲೂರು ನಮ್ಮ ಕೊಳ್ಳೇಗಾಲ ಸೀಮೆಯದೇ ಊರು. ಅಜ್ಜನ ಊರಿನ ಬೀದಿಗಳಲ್ಲಿ ಗುಡ್ಡರು ಹಾಡುತ್ತ ಬಂದ ಪದ ಮೊಮ್ಮಗನ ಚಿತ್ರಕ್ಕೆ ಪ್ರಶಸ್ತಿ ತಂದಿತೆಂದರೆ ಈ ಸೀಮೆಯವರಿಗೆ ಹೆಮ್ಮೆಯಾಗದೆ ಇರುತ್ತದೆಯೇ? ಆಯಿತು. ಆ ಹೆಮ್ಮೆಯ ಜೊತೆಯಲ್ಲೇ ಒಂದು ಪ್ರಶ್ನೆಯೂ ಎದ್ದಿತು, ಇವತ್ತಿಗೂ ಕೂತಿಲ್ಲ. ಶಾಸ್ತ್ರಿಯವರು ಹಾಡಿದ್ದು ಚೆನ್ನಾಗಿದೆಯೋ, ನಮ್ಮ ಗುಡ್ಡರು ಹಾಡುವುದು ಚೆನ್ನಾಗಿದೆಯೋ?

ಹಾಡಿದವರ ಹಾಡನ್ನು ಇನ್ನೊಬ್ಬರು ಮತ್ತೆ ಹಾಡಿ, ಮೊದಲಿನವರನ್ನೇ ಮರೆಸುವಂತೆ ಮಾಡಿದ ಉದಾಹರಣೆಗಳು ಎಲ್ಲ ಕಡೆ ಇವೆ. ಓಟಿಸ್ ರೆಡ್ಡಿಂಗ್ 1965ರಲ್ಲಿ ಹಾಡಿದ ‘ರೆಸ್ಪೆಕ್ಟ್’ ಎರಡು ವರ್ಷದ ನಂತರ ಅರೀಥಾ ಫ್ರಾಂಕ್ಲಿನ್ ಹಾಡಿದ ಮೇಲೆ ಆಕೆಯದೇ ಆಗಿಹೋಯಿತು. ಗಂಡಸಿನ ಬೇಡಿಕೆ ಹೆಂಗಸಿನ ಹಕ್ಕೊತ್ತಾಯವಾಯಿತು. ನಮ್ಮಲ್ಲಿ ಶಿಶುನಾಳ ಷರೀಫರ ತತ್ವಪದ ಎಂದರೆ ಅರ್ಧ ಕರ್ನಾಟಕದ ಕಿವಿಯಲ್ಲಿ ಮೊಳಗುವುದು ಸಿ. ಅಶ್ವತ್ಥರ ಗಂಟಲು. ಇಂಥ ಕಡೆಯೆಲ್ಲ ಹೋಲಿಕೆ ಸುಲಭ. ಒಬ್ಬ ಬರೆದ, ಒಬ್ಬ ಮೊದಲು ಹಾಡಿದ, ಆಮೇಲೆ ಇನ್ನೊಬ್ಬ ಬಂದ. ಮಾದಪ್ಪನ ಪದಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ. ಅದನ್ನು ಮೊದಲು ಹಾಡಿದವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಗುಡ್ಡರು ಹಾಡುವ ರೀತಿಯನ್ನು ನೋಡಬೇಕು. ಮೂವರೋ ಐವರೋ ಇರುವ ಮೇಳ. ಎಡ ಅಂಗೈಯಲ್ಲಿ ಬಟ್ಟಲಿನಾಕಾರದ ಕಂಚು, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ, ಆ ದಾರದ ತುದಿಗೆ ಗೊಂಡೆ; ಇದೇ ಕಂಸಾಳೆ. ಕೂತು ಕತೆ ಮಾಡುವಾಗ ತಾಳ ಬಟ್ಟಲಿನ ಅಂಚಿಗೆ ತಾಗಿಯೂ ತಾಗದಂತೆ ಇರುತ್ತದೆ. ಕತೆ ಬಿಸಿಯೇರಿದಾಗ ಪೂರ್ತಿ ಬಾಯಿಗೆ ಬಾಯಿ ಕೊಟ್ಟು ಬಡಿಯುತ್ತದೆ. ಎದ್ದು ನಿಂತು ಬೀಸುವಾಗ ದಾರ ಸಡಿಲವಾಗಿ ಕಂಚು ಗಾಳಿಯಲ್ಲಿ ಸುತ್ತಿ, ಭುಜದ ಮೇಲೆ, ಮೊಣಕಾಲ ಕೆಳಗೆ, ಪಕ್ಕದವನ ಬಟ್ಟಲಿಗೂ ಹೋಗಿ ಬಿದ್ದು ಸರಿಯಾದ ಗಳಿಗೆಗೆ ವಾಪಸು ಬರುತ್ತದೆ. ಬೀಸು ಕಂಸಾಳೆಯನ್ನು ಟೀವಿಯಲ್ಲಿ, ರಾಜ್ಯೋತ್ಸವದ ಮೆರವಣಿಗೆಯಲ್ಲಿ ಎಲ್ಲರೂ ನೋಡಿದ್ದಾರೆ. ಕೂತು ಹಾಡುವ ಕತೆಯನ್ನು ನೋಡಿದವರು ಕಡಿಮೆ. ನನ್ನ ಪ್ರಕಾರ ಮಾದಪ್ಪನ ಪದದ ಜೀವ ಇರುವುದು ಕೂತು ಹಾಡುವುದರಲ್ಲಿ.

ಅಲ್ಲಿ ಮುಂದಾಳು ಒಂದು ಸೊಲ್ಲು ಎತ್ತುತ್ತಾನೆ. ಅದು ಮುಗಿಯುವ ಮೊದಲೇ ಜೊತೆಯವರು ಅದರ ಬಾಲ ಹಿಡಿದು ಎಳೆಯುತ್ತಾರೆ. ಆ ಎಳೆತದ ಮೇಲೆಯೇ ಅವನು ಮುಂದಿನ ಸೊಲ್ಲನ್ನು ಇಡುತ್ತಾನೆ. ನಡುವೆ ಮಾತು ಬರುತ್ತದೆ, ಮಾತು ತಾನಾಗಿ ರಾಗಕ್ಕೆ ತಿರುಗುತ್ತದೆ, ರಾಗ ಮತ್ತೆ ಮಾತಾಗುತ್ತದೆ. ಮಾದಪ್ಪನ ಇಡೀ ಕಾವ್ಯ ಸಾಲುಗಳಾಗಿ ಹಂಚಿಹೋಗಿದೆ. ದೇವಾನುದೇವತೆಗಳನ್ನು ಸೆರೆಯಿಟ್ಟ ಶ್ರವಣನ ಸಾಲು, ಆಲಂಬಾಡಿಯ ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು. ಒಂದೊಂದು ಸಾಲಿಗೂ ಒಂದೊಂದು ರಾತ್ರಿ ಬೇಕು. ಕೇಳುವವರು ಬೀಡಿ ಹಚ್ಚುತ್ತಾರೆ, ಮಕ್ಕಳು ಮಲಗುತ್ತವೆ, ಮತ್ತೆ ಎದ್ದಾಗಲೂ ಶ್ರವಣ ಇನ್ನೂ ಸೊಕ್ಕಿನಲ್ಲೇ ಇರುತ್ತಾನೆ.

ಪಿ.ಕೆ. ರಾಜಶೇಖರ ಅವರು 1970ರ ದಶಕದಲ್ಲಿ ಈ ಕಾವ್ಯವನ್ನು ಸಂಗ್ರಹಿಸಿ ಅಚ್ಚಿಗೆ ತಂದರು. ಮುಂದೆ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಅದರ ಇಂಗ್ಲಿಷ್ ಅನುವಾದವನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಮಾಡಿ, ಸಾಹಿತ್ಯ ಅಕಾಡೆಮಿ ಪ್ರಕಟಿಸಿತು. ಒಂದೇ ಕಾವ್ಯ ಮೇಳದಿಂದ ಮೇಳಕ್ಕೆ ಬೇರೆಯಾಗುತ್ತದೆ. ಒಬ್ಬರಲ್ಲಿ ಹತ್ತು ಸೊಲ್ಲಿಗೆ ಮುಗಿಯುವ ಪ್ರಸಂಗ ಇನ್ನೊಬ್ಬರಲ್ಲಿ ಹತ್ತು ಪುಟವಾಗುತ್ತದೆ. ಇದನ್ನು ದೋಷ ಎಂದು ಯಾವ ಗುಡ್ಡನೂ ತಿಳಿಯುವುದಿಲ್ಲ. ಗುರು ಹೇಳಿಕೊಟ್ಟದ್ದನ್ನು ಶಿಷ್ಯ ತನ್ನ ಗಂಟಲಿಗೆ, ಆ ರಾತ್ರಿಯ ಜನಕ್ಕೆ ಹೊಂದಿಸಿಕೊಂಡು ಹಾಡುತ್ತಾನೆ. ಅಂದರೆ ಈ ಸೀಮೆಯಲ್ಲಿ ಹಾಡಿದ್ದೆಲ್ಲ ಮರುಹಾಡೇ. ಮೊದಲ ಪ್ರತಿ ಎಂಬುದನ್ನು ಯಾರೂ ಕಂಡಿಲ್ಲ, ಅದು ಬೇಕು ಎಂದು ಹುಡುಕಿಯೂ ಇಲ್ಲ.

ಹಾಗಾದರೆ ಯಾವುದು ಮೇಲು, ಯಾವುದು ಕೀಳು ಎನ್ನಲು ಅಳತೆಯೇ ಇಲ್ಲವೇ? ಇದೆ ಎಂದು ನಾನು ನಂಬಿದ್ದೇನೆ. ಗುಡ್ಡರು ಹಾಡುವ ಯಾವ ಪದವೂ ಸುಮ್ಮನೆ ಪದವಲ್ಲ, ಅದು ಯಾವುದೋ ಸಾಲಿನ ಯಾವುದೋ ಬಾಗಿಲಿನ ಮುಂದೆ ನಿಂತಿರುತ್ತದೆ. ಆ ಬಾಗಿಲು ಯಾರದು, ಒಳಗೆ ಇರುವವರು ಯಾರು ಎಂದು ತಿಳಿದು ಹಾಡಿದವರು ಪಿಟೀಲು ಇಟ್ಟುಕೊಂಡು ಹಾಡಲಿ, ಗಿಟಾರ್ ಇಟ್ಟುಕೊಂಡು ಹಾಡಲಿ, ಪದ ಉಳಿಯುತ್ತದೆ. ತಿಳಿಯದೆ ಹಾಡಿದವರ ಕೈಯಲ್ಲಿ ಬಂಗಾರದ ಕಂಠವೂ ಸೋಲುತ್ತದೆ. ಕೋಲುಮಂಡೆ ಒಂದರಲ್ಲೇ ಇದರ ಎರಡೂ ಮಗ್ಗುಲು ಸಿಗುತ್ತವೆ.

ಕೋಲುಮಂಡೆ ಪದದಲ್ಲಿ ಜಂಗಮನಾಗಿ ಬಂದ ಮಾದಪ್ಪ ಭಿಕ್ಷೆ ಕೇಳುವುದು ಶರಣೆ ಸಂಕಮ್ಮನನ್ನು. ಸಂಕಮ್ಮ ಸೋಲಿಗರ ನೀಲೇಗೌಡನ ಹೆಂಡತಿ. ಗಂಡ ಜೇನು ಕೀಳಲು ತಿಂಗಳುಗಟ್ಟಲೆ ಕಾಡಿಗೆ ಹೊರಡಬೇಕು. ತಾನಿಲ್ಲದಾಗ ಹೆಂಡತಿ ಹೇಗಿರುತ್ತಾಳೋ ಎಂಬ ಸಂಶಯ ಅವನನ್ನು ತಿನ್ನುತ್ತದೆ. ಕೈಮೇಲೆ ಕೈಯಿಟ್ಟು ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಈ ಇಡೀ ಮಹಾಕಾವ್ಯದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಈ ನಿರಾಕರಣೆ. ತಪ್ಪು ಮಾಡದವಳು ತಪ್ಪು ಮಾಡುವುದಿಲ್ಲ ಎಂದು ಆಣೆಯಿಟ್ಟರೆ ಸಂಶಯವನ್ನೇ ಒಪ್ಪಿಕೊಂಡಂತೆ ಎಂಬುದು ಅವಳಿಗೆ ಗೊತ್ತು. ನೀಲೇಗೌಡ ಹೊಡೆಯುತ್ತಾನೆ, ಹಿಂಸಿಸುತ್ತಾನೆ. ಕೊನೆಗೆ ಕಾಡಿನ ನಡುವಿನ ಗುಡಿಸಲಲ್ಲಿ ಅವಳನ್ನು ಕೂಡಿಹಾಕಿ ಹೊರಟುಹೋಗುತ್ತಾನೆ. ಹಿಂಸೆಯ ವಿವರ ಮೇಳದಿಂದ ಮೇಳಕ್ಕೆ ಬೇರೆಯಾದರೂ ಅವಳು ಭಾಷೆ ಕೊಡಲಿಲ್ಲ ಎಂಬುದು ಎಲ್ಲರಲ್ಲೂ ಒಂದೇ. ಅಂಥವಳ ಬಳಿಗೆ ಬರುತ್ತಾನೆ ಮಾದಪ್ಪ. ಅವಳಿಗೆ ಮಕ್ಕಳ ಫಲ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಎಂಬ ಆ ಇಬ್ಬರು ಮುಂದೆ ಮಾದಪ್ಪನ ಶಿಶುಮಕ್ಕಳೆನಿಸಿಕೊಳ್ಳುತ್ತಾರೆ. ಗಂಡ ವಾಪಸು ಬಂದ ಮೇಲೆ ಅವಳು ಮತ್ತೆ ಪರೀಕ್ಷೆಗಳನ್ನು ಎದುರಿಸಬೇಕು, ಎದುರಿಸಿ ಗೆಲ್ಲುತ್ತಾಳೆ.

ಹೆಂಡತಿಯ ನಡತೆಯ ಬಗ್ಗೆ ಇದೇ ಸೀಮೆ ಇನ್ನೊಂದು ಮಾತನ್ನೂ ಆಡಿದೆ. ಯಳಂದೂರಿನವಳು ಸಂಚಿ ಹೊನ್ನಮ್ಮ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಯರ ಅರಮನೆಯಲ್ಲಿದ್ದು ‘ಹದಿಬದೆಯ ಧರ್ಮ’ ಬರೆದವಳು. ಗಂಡನಿಗೆ ಹೆಂಡತಿ ನಡೆದುಕೊಳ್ಳಬೇಕಾದ ರೀತಿಯನ್ನು ಹೇಳುವ ಕೃತಿ ಅದು, ನಡುವೆ ಹೆಣ್ಣನ್ನು ಕೀಳಾಗಿ ಕಾಣುವವರನ್ನು ನೇರವಾಗಿ ಪ್ರಶ್ನಿಸುವ ಮಾತೂ ಇದೆ. ಅವಳು ಬರೆದದ್ದು ಸಾಂಗತ್ಯದಲ್ಲಿ, ಅದೂ ಹಾಡುವ ಛಂದಸ್ಸೇ. ಅದೇ ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿದ್ದಾರೆ, ಅತ್ತ ಹನೂರಿನ ಮಲೆಗಳಲ್ಲಿ ಸೋಲಿಗರ ಸೊಸೆ ಸಂಕಮ್ಮನ ಕತೆ ಇದೆ. ಒಂದೇ ಸೀಮೆ ಎರಡು ಬಗೆಯಾಗಿ ಯೋಚಿಸಿತು. ಶಾಲೆಯ ಪುಸ್ತಕಕ್ಕೆ ಹೊನ್ನಮ್ಮ ಬಂದಳು, ಸಂಕಮ್ಮ ಬಂದದ್ದು ಸಿನಿಮಾ ಹಾಡಿನಲ್ಲಿ. ಸಂಕಮ್ಮನಿಗೂ ಪುಸ್ತಕದಲ್ಲಿ ಜಾಗ ಸಿಗಬೇಕು ಎಂಬ ಆಸೆ ನನಗಿದೆ.

ಈಗ ಶಾಸ್ತ್ರಿಯವರ ಹಾಡಿಗೆ ಬರೋಣ. ಅವರದು ತೆರೆದ ಕಂಠ. ಸಿನಿಮಾ ಗಾಯಕರು ಜನಪದ ಹಾಡುವಾಗ ದನಿಯನ್ನು ಬೇಕೆಂದೇ ಒರಟು ಮಾಡಿಕೊಳ್ಳುವುದುಂಟು, ಉಚ್ಚಾರವನ್ನು ತಮಾಷೆಯ ಹಳ್ಳಿಗನಂತೆ ಎಳೆಯುವುದುಂಟು. ಶಾಸ್ತ್ರಿಯವರು ಅದನ್ನು ಮಾಡಲಿಲ್ಲ. ಬಾಗಿಲ ಮುಂದೆ ನಿಂತವನು ಒಳಗಿನವಳನ್ನು ಗೌರವದಿಂದ ಕರೆಯುವ ದನಿಯಲ್ಲೇ ಕರೆದರು. ಪದದ ಓಟ ಕೆಡಲಿಲ್ಲ. ಗುಡ್ಡರ ಕೋಲುಮಂಡೆಗೆ ಇದು ಸರಿಸಾಟಿಯೇ ಎಂದು ಕೇಳಿದರೆ ಹೌದು ಎನ್ನುತ್ತೇನೆ. ಮೀರಿದೆಯೇ ಎಂದರೆ ಇಲ್ಲ. ಸಂಕಮ್ಮನ ಸಾಲನ್ನು ಒಂದು ರಾತ್ರಿ ಕೇಳಿ, ಅವಳ ಮೇಲೆ ಬಿದ್ದ ಒಂದೊಂದು ಏಟನ್ನೂ ಕೇಳಿ, ಆಮೇಲೆ ಜಂಗಮ ಬಂದ ಎಂದು ಕೇಳುವ ಸುಖ ಕೆಲವೇ ನಿಮಿಷದ ಹಾಡಿಗೆ ಸಿಗುವಂಥದಲ್ಲ. ಶಾಸ್ತ್ರಿಯವರು 2017ರಲ್ಲಿ ತೀರಿಕೊಂಡರು. ಅವರನ್ನು ನೆನೆದವರೆಲ್ಲ ಈ ಹಾಡಿನಿಂದಲೇ ಶುರು ಮಾಡಿದರು.

2020ರ ಆಗಸ್ಟಿನಲ್ಲಿ ಗಣೇಶನ ಹಬ್ಬದ ಹೊತ್ತಿಗೆ ಚಂದನ್ ಶೆಟ್ಟಿ ಇದೇ ಕೋಲುಮಂಡೆಯನ್ನು ರ್‍ಯಾಪ್ ಮಾಡಿ ವಿಡಿಯೊ ಬಿಟ್ಟರು. ಹೊಸ ಹುಡುಗರಿಗೆ ಹಳೆಯ ಪದ ತಲುಪಿಸುವ ಉತ್ಸಾಹ ಅದರಲ್ಲಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ರ್‍ಯಾಪ್ ಎಂಬ ಕಾರಣಕ್ಕೆ ಮೂಗು ಮುರಿಯುವವನೂ ನಾನಲ್ಲ. ಗುಡ್ಡರು ನಡುವೆ ಉಸಿರು ಬಿಡದೆ ಓಡಿಸುವ ಮಾತಿನ ಭಾಗ ಕೇಳಿದವರಿಗೆ ರ್‍ಯಾಪ್ ಹೊರಗಿನ ಪ್ರಾಣಿ ಅನಿಸುವುದಿಲ್ಲ. ಎಡವಟ್ಟಾದದ್ದು ವಿಡಿಯೊದ ದೃಶ್ಯಗಳಲ್ಲಿ. ಶರಣೆ ಸಂಕಮ್ಮ ಅಲ್ಲಿ ಮೈಮಾಟ ತೋರಿಸುವ ಕುಣಿತದ ಹುಡುಗಿಯಾದಳು. ಮಾದಪ್ಪನ ಒಕ್ಕಲು ಕೆರಳಿತು. ಚಾಮರಾಜನಗರ ಜಿಲ್ಲೆಯಲ್ಲಿ ಪ್ರತಿಭಟನೆಯಾಯಿತು. ಚಂದನ್ ಕ್ಷಮೆ ಕೇಳಿದರು, ವಿಡಿಯೊವನ್ನು ತೆಗೆಯಲಾಯಿತು.

ಭಕ್ತರ ಭಾವನೆಗೆ ಧಕ್ಕೆ ಎಂದಷ್ಟೇ ಆಗ ಸುದ್ದಿಯಾಯಿತು. ನನಗೆ ನೋವಾದದ್ದು ಇನ್ನೊಂದು ಕಡೆ. ತನ್ನ ಶೀಲವನ್ನು ಸಂಶಯಿಸಿದ ಗಂಡನಿಗೆ ಭಾಷೆ ಕೊಡದೆ ಹಿಂಸೆ ಅನುಭವಿಸಿದ ಹೆಂಗಸಿನ ಕತೆ ಅದು. ಆ ಸಂಶಯಗಾರನ ಕಣ್ಣಿನಿಂದಲೇ ಅವಳನ್ನು ನೋಡಿದಂತಾಯಿತು ಆ ವಿಡಿಯೊ. ಸಾಲು ತಿಳಿದಿದ್ದರೆ ಯಾವ ಹಾಡುಗಾರನಿಗೂ ಹೀಗೆ ಮಾಡಲು ಕೈ ಬರುತ್ತಿರಲಿಲ್ಲ. ನೀಲೇಗೌಡನಿಗೆ ಸಂಕಮ್ಮ ಹೇಳುವ ಉತ್ತರವನ್ನು ಒಬ್ಬ ಹುಡುಗಿ ರ್‍ಯಾಪ್‌ನಲ್ಲಿ ಹಾಡಿದ್ದರೆ ಹೇಗಿರುತ್ತಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆ ಹಾಡು ಇನ್ನೂ ಬರಬಹುದು, ಬರಲಿ.

ಗುಡ್ಡರನ್ನು ಮೀರಿದ ಉದಾಹರಣೆಯೂ ಮಾದಪ್ಪನ ಬೆಟ್ಟದ್ದೇ. ‘ಸೋಜುಗದ ಸೂಜುಮಲ್ಲಿಗೆ’ ಮಾದಪ್ಪನ ಮುಡಿಯ ಹೂವನ್ನು ನೋಡಿ ಹಾಡುವ ಪದ. ಇದು ಕತೆ ಹೇಳುವ ಪದವಲ್ಲ, ಕತೆಗೆ ಮುಂಚೆ ದೇವರನ್ನು ಕಣ್ತುಂಬ ನೋಡಿಕೊಳ್ಳುವ ಪದ. ಗುಡ್ಡರಲ್ಲಿ, ಭಜನೆ ಮೇಳಗಳಲ್ಲಿ ಇದಕ್ಕೆ ಒಂದು ನಡಿಗೆಯ ಲಯ ಇದೆ. ತಾಳುಬೆಟ್ಟದಿಂದ ಕಾಲ್ನಡಿಗೆಯಲ್ಲಿ ಮಲೆ ಹತ್ತುವವರ ಬಾಯಲ್ಲಿ ಹೆಜ್ಜೆಗೆ ತಕ್ಕಂತೆ ಬೀಳುತ್ತದೆ. ಮೈಸೂರಿನ ಅನನ್ಯಾ ಭಟ್ ಅದನ್ನು ಎತ್ತಿಕೊಂಡಾಗ ಮಾಡಿದ ದೊಡ್ಡ ಕೆಲಸ ಎಂದರೆ ನಡಿಗೆಯನ್ನು ನಿಲ್ಲಿಸಿದ್ದು. ಹತ್ತಿ ಮುಗಿಸಿ ಗುಡಿಯ ಮುಂದೆ ನಿಂತವಳ ದನಿ ಅದು. ಸೊಲ್ಲು ಮುಗಿದ ಕಡೆ ಅವರು ದನಿಯನ್ನು ಕತ್ತರಿಸುವುದಿಲ್ಲ, ಇಳಿಯಲು ಬಿಡುತ್ತಾರೆ. ಆ ಇಳಿತದಲ್ಲಿ ಮುಂದಿನ ಸೊಲ್ಲಿಗಾಗಿ ಕೇಳುವವರ ಎದೆ ಕಾಯುತ್ತದೆ. ‘ಕೆಜಿಎಫ್’ ಹಾಡುಗಳಲ್ಲಿ ಗುಡುಗಿದ ಗಂಟಲು ಇದೇನಾ ಅನಿಸುತ್ತದೆ.

ಕೊಯಮತ್ತೂರಿನ ಈಶಾ ಯೋಗ ಕೇಂದ್ರದ ಶಿವರಾತ್ರಿ ವೇದಿಕೆಯಲ್ಲಿ ಅವರು ಇದನ್ನು ಹಾಡಿದ ಮೇಲೆ ಕನ್ನಡ ಬಾರದವರೂ ಕೇಳತೊಡಗಿದರು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಮಾದಪ್ಪನ ಬೆಟ್ಟ ಅಂದಿಗೆ ಆ ಜಿಲ್ಲೆಯ ಬೆಟ್ಟ. ಇವತ್ತಿಗೂ ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗೆ ಸೇಲಂ, ಈರೋಡು, ಕೊಯಮತ್ತೂರು ಕಡೆಯಿಂದ ಜನ ಬರುತ್ತಾರೆ. ಹಾಡು ಅಲ್ಲಿಗೆ ಹೋದದ್ದು ಪರವೂರಿಗೆ ಹೋದಂತಲ್ಲ, ಹಳೆಯ ನೆಂಟರ ಮನೆಗೆ ಹೋದಂತೆ ನನಗೆ ಕಂಡಿತು.

2021ರ ನವೆಂಬರಿನಲ್ಲಿ ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ ಬಂತು. ಮಿಥುನ್ ಮುಕುಂದನ್ ಸಂಗೀತದಲ್ಲಿ ಚೈತ್ರಾ ಜೆ. ಆಚಾರ್ ಇದೇ ಪದ ಹಾಡಿದರು. ಮಂಗಳೂರಿನ ಗ್ಯಾಂಗುಗಳ ಹೊಡೆದಾಟದ ಕತೆ, ಅದರೊಳಗೆ ಹನೂರಿನ ಮಲೆಯ ಮಲ್ಲಿಗೆ. ಮೊದಲು ಕೇಳಿದಾಗ ಇದೇನು ಇಲ್ಲಿ ಎಂದು ಕಸಿವಿಸಿಯಾಗುವುದು ನಿಜ. ಚಿತ್ರ ನೋಡುತ್ತ ಹೋದಂತೆ ಸಮಾಧಾನ ಸಿಕ್ಕುತ್ತದೆ. ಚಿತ್ರದ ಶಿವನೆಂಬ ಪಾತ್ರ ಮುಗ್ಧನೂ ಹೌದು, ರುದ್ರನೂ ಹೌದು. ಮಾದಪ್ಪನೂ ಹಾಗೆಯೇ. ಹುಲಿಯ ಬೆನ್ನ ಮೇಲೆ ಕೂತ ಬಾಲಕ ಅವನು, ಶ್ರವಣನನ್ನು ಮಾಯದಿಂದ ಮುಗಿಸಿದವನು, ಒಕ್ಕಲಾಗದವರ ಮನೆಗೆ ಕಷ್ಟ ತಂದು ಒಕ್ಕಲು ಮಾಡಿಕೊಂಡವನು. ಅವನ ಪದದಲ್ಲಿ ಮಲ್ಲಿಗೆಯ ಪಕ್ಕದಲ್ಲೇ ಉಗ್ರವೂ ಇದೆ ಎಂಬುದನ್ನು ಗುಡ್ಡರು ಮರೆಯುವುದಿಲ್ಲ. ಭಕ್ತಿಗೀತೆಗಳ ಗಾಯಕರು ಮರೆಯುತ್ತಾರೆ. ಆ ಚಿತ್ರ ಮರೆಯಲಿಲ್ಲ. ಇದನ್ನು ಬರೆಯುವಾಗ ನನಗೆ ಅನುಮಾನವಿಲ್ಲ: ಹಾಡಾಗಿ ನೋಡಿದರೆ ಅನನ್ಯಾ ಅವರ ಸೂಜುಮಲ್ಲಿಗೆ ನಾನು ಕೇಳಿದ ಎಲ್ಲ ಭಜನೆ ಮೇಳಗಳಿಗಿಂತ ಮೇಲು, ಅರ್ಥವಾಗಿ ನೋಡಿದರೆ ಚೈತ್ರಾ ಅವರದು ಸಾಲಿಗೆ ಹೆಚ್ಚು ಹತ್ತಿರ.

ಆದರೂ ಎರಡರಲ್ಲೂ ಒಂದು ಕೊರತೆ ಇದೆ. ಸೊಲ್ಲು ಹಿಡಿಯುವವರಿಲ್ಲ. ಸ್ಟುಡಿಯೊದಲ್ಲಿ ಹಾಡುವಾಗ ಒಂದೇ ದನಿ ಮುಂದೆ ನಿಲ್ಲುತ್ತದೆ, ಉಳಿದ ದನಿಗಳಿದ್ದರೂ ಹಿಂದೆ ಮಂಜಿನಲ್ಲಿರುತ್ತವೆ. ಗುಡ್ಡರಲ್ಲಿ ಸೊಲ್ಲು ಹಿಡಿಯುವವನು ಅಲಂಕಾರಕ್ಕೆ ಕೂತವನಲ್ಲ. ಮುಂದಾಳು ದಾರಿ ತಪ್ಪಿದರೆ ಎಳೆದು ತರುವವನು, ಉಸಿರು ಸೋತರೆ ಹೊತ್ತುಕೊಳ್ಳುವವನು, ‘ಹೌದಾ?’ ಎಂದು ಕೇಳಿ ಕತೆ ಮುಂದೆ ಹೋಗುವಂತೆ ಮಾಡುವವನು ಅವನೇ. ಅವನಿಲ್ಲದೆ ಪದ ಒಬ್ಬರ ಭಕ್ತಿಯಾಗುತ್ತದೆ. ಅವನಿದ್ದರೆ ಊರಿನದಾಗುತ್ತದೆ.

ಮಂಟೇಸ್ವಾಮಿಯ ಪದ ಹಾಡುವ ನೀಲಗಾರರಲ್ಲೂ ಇದೇ ಮಾತು. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಗದ್ದುಗೆ ಇದೆ. ಜನವರಿಯ ಹುಣ್ಣಿಮೆಗೆ ಚಂದ್ರಮಂಡಲದೊಂದಿಗೆ ಶುರುವಾಗಿ ಐದು ದಿನ ನಡೆಯುವ ಜಾತ್ರೆಯಲ್ಲಿ ತಂಬೂರಿ, ಗಗ್ಗರ, ಡಕ್ಕೆ ಹಿಡಿದ ನೀಲಗಾರರು ಗುಂಪುಗುಂಪಾಗಿ ಕೂತು ಹಾಡುತ್ತಾರೆ. ನಿಡುಘಟ್ಟದ ಆಚಾರಿಗಳ ಹುಡುಗ ಕೆಂಪಾಚಾರಿ ಸಿದ್ದಪ್ಪಾಜಿಯಾದ ಕತೆ, ಅವನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋದ ಕತೆ. ಇವನ್ನು ನಾಡಿಗೆಲ್ಲ ಹಂಚಿದ್ದು ಕ್ಯಾಸೆಟ್ಟು. ಮಳವಳ್ಳಿ ಮಹದೇವಸ್ವಾಮಿ ಅವರ ಕ್ಯಾಸೆಟ್ಟುಗಳು ನಮ್ಮ ಕಡೆಯ ಟೀ ಅಂಗಡಿ, ಟೆಂಪೋ, ರೈಸ್‌ಮಿಲ್ಲುಗಳಲ್ಲಿ ಹಗಲೂ ರಾತ್ರಿ ಓಡಿದವು. ರಾತ್ರಿಯಿಡೀ ಹಾಡುವ ಕತೆಯನ್ನು ಕ್ಯಾಸೆಟ್ಟಿನ ಎರಡು ಮಗ್ಗುಲಿಗೆ ಇಳಿಸಿಯೂ ಕತೆ ಕೆಡದಂತೆ ನೋಡಿಕೊಂಡದ್ದು ಅವರ ಸಾಧನೆ. ನೀಲಗಾರ ಪರಂಪರೆಗೆ ಹೊರಗಿನಿಂದ ಬಂದ ಎಷ್ಟು ಮರುಹಾಡುಗಳಿದ್ದರೂ ಅವರ ಕ್ಯಾಸೆಟ್ಟಿನ ಮುಂದೆ ನಿಲ್ಲುವಂಥದನ್ನು ನಾನು ಕೇಳಿಲ್ಲ.

ಬಿಳಿಗಿರಿಯ ಸೋಲಿಗರ ‘ಗೊರುಕನ’ದ ಪಾಡು ಬೇರೆ. ಶಾಲೆ, ಕಾಲೇಜು ವಾರ್ಷಿಕೋತ್ಸವಗಳಲ್ಲಿ ಎಲೆಯ ಉಡುಪು ತೊಟ್ಟ ಮಕ್ಕಳು ಇದನ್ನು ಕುಣಿಯುತ್ತಾರೆ. ಸೋಲಿಗರಲ್ಲಿ ಅದು ರೊಟ್ಟಿಹಬ್ಬದಂಥ ಕೂಟಗಳಲ್ಲಿ ವೃತ್ತವಾಗಿ ನಿಂತು, ಹಾಡುತ್ತಲೇ ಕುಣಿಯುತ್ತ ರಾತ್ರಿ ಕಳೆಯುವ ಪದ. ವೇದಿಕೆಗೆ ಬಂದಾಗ ವೃತ್ತ ಒಡೆದು ಪ್ರೇಕ್ಷಕರ ಕಡೆ ಮುಖ ಮಾಡಿದ ಸಾಲಾಗುತ್ತದೆ. ಅಲ್ಲಿಗೆ ಅದರ ಅರ್ಧ ಜೀವ ಹೋಯಿತು.

ಹಾಡಿನ ಗುಣ ಇರಲಿ, ಹಾಡಿದವರ ಋಣದ ಮಾತೂ ಇದೆ. ಅಮೆರಿಕದ ಕೆಂಟಕಿಯಲ್ಲಿ 1937ರಲ್ಲಿ ಜಾರ್ಜಿಯಾ ಟರ್ನರ್ ಎಂಬ ಹದಿನಾರರ ಹುಡುಗಿ, ಗಣಿ ಕೆಲಸಗಾರನ ಮಗಳು, ಅಲನ್ ಲೊಮ್ಯಾಕ್ಸ್ ಅವರ ಯಂತ್ರದ ಮುಂದೆ ಊರಿನ ಹಳೆಯ ಹಾಡೊಂದನ್ನು ಹಾಡಿದಳು. 1964ರಲ್ಲಿ ಇಂಗ್ಲೆಂಡಿನ ‘ದಿ ಆನಿಮಲ್ಸ್’ ತಂಡ ಅದನ್ನು ‘ಹೌಸ್ ಆಫ್ ದಿ ರೈಸಿಂಗ್ ಸನ್’ ಎಂದು ಹಾಡಿ ಲೋಕ ಗೆದ್ದಿತು. ಡಿಸ್ಕಿನ ಮೇಲೆ ಹಾಡಿನ ಹೊಂದಾಣಿಕೆಗೆ ತಂಡದ ಅಲನ್ ಪ್ರೈಸ್ ಒಬ್ಬರ ಹೆಸರು ಮಾತ್ರ ಇತ್ತು. ಜೊತೆಯ ವಾದಕರಿಗೇ ಅದರ ರಾಯಧನ ಸಿಗಲಿಲ್ಲ ಎಂದ ಮೇಲೆ ಕೆಂಟಕಿಯ ಹುಡುಗಿಯ ಮಾತೆಲ್ಲಿ?

ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿ 31ಸಿ ಎಂಬ ಕಲಮು ಸೇರಿತು. ಧ್ವನಿಮುದ್ರಣವಾದ ಹಾಡನ್ನು ಬೇರೆಯವರು ಅದರಡಿ ಮತ್ತೆ ಹಾಡಿ ಮಾರಬೇಕಾದರೆ ಮೊದಲ ಮುದ್ರಣದ ವರ್ಷ ಮುಗಿದು ಐದು ವರ್ಷ ಕಾಯಬೇಕು. ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಹಕ್ಕುದಾರರಿಗೆ ರಾಯಧನ ಕೊಡಬೇಕು. ಹೊದಿಕೆಯ ಮೇಲೆ ಇದು ಮರುಹಾಡು ಎಂದು ನಮೂದಿಸಬೇಕು. ಬರೆದವರ ಹೆಸರಿರುವ ಹಾಡಿಗೆ ಇಷ್ಟೆಲ್ಲ ಕಾವಲು. ಮಾದಪ್ಪನ ಪದಕ್ಕೆ ಬರೆದವರ ಹೆಸರಿಲ್ಲ, ಹಾಗಾಗಿ ಕಾವಲೂ ಇಲ್ಲ. ಸಾಹಿತ್ಯ ಎಂಬ ಕಾಲಮ್ಮಿನಲ್ಲಿ ‘ಜಾನಪದ’ ಎಂದು ಬರೆದು ಮುಂದೆ ಹೋಗುವುದು ವಾಡಿಕೆ. ಪದ ಯಾರ ಸೊತ್ತೂ ಅಲ್ಲ ಎಂಬುದು ಸರಿಯೇ, ಗುಡ್ಡರೂ ಹಾಗೇ ಹೇಳುತ್ತಾರೆ. ಆದರೆ ಯಾವ ಮೇಳದ ಯಾವ ಮುಂದಾಳಿನ ಬಾಯಿಂದ ಈ ಧಾಟಿ ಕಲಿತೆವು, ಅದು ಯಾವ ಸಾಲಿನ ಪದ, ಯಾವ ಊರಿನಲ್ಲಿ ಕೇಳಿದೆವು ಎಂದು ಬರೆಯಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಯೂಟ್ಯೂಬಿನಲ್ಲಿ ಹಾಡಿನ ಕೆಳಗೆ ಲೈಟ್‌ಬಾಯ್‌ವರೆಗೆ ಎಲ್ಲರ ಹೆಸರು ಹಾಕಲು ಜಾಗ ಇರುತ್ತದೆ. ಅಲ್ಲೇ ಎರಡು ಸಾಲು ಸಾಕು.

ಹೊರಗೆ ಹೋದ ಪದ ವಾಪಸು ಬರುತ್ತಿರುವುದೂ ಈಗ ಕಾಣುತ್ತಿದೆ. ಬಾಬ್ ಡಿಲನ್ 1967ರಲ್ಲಿ ಹಾಡಿದ ‘ಆಲ್ ಅಲಾಂಗ್ ದ ವಾಚ್‌ಟವರ್’ ಅನ್ನು ಮರುವರ್ಷ ಜಿಮಿ ಹೆಂಡ್ರಿಕ್ಸ್ ಬೇರೆಯೇ ಮಾಡಿ ಹಾಡಿದರು. ಮುಂದೆ ಡಿಲನ್ ತಮ್ಮ ಕಛೇರಿಗಳಲ್ಲಿ ತಮ್ಮದೇ ಹಾಡನ್ನು ಹೆಂಡ್ರಿಕ್ಸ್ ಧಾಟಿಗೆ ಹತ್ತಿರವಾಗಿ ಹಾಡತೊಡಗಿದರು. ನಮ್ಮ ತಾಲ್ಲೂಕುಗಳ ಪ್ರತಿಭಾ ಕಾರಂಜಿಯಲ್ಲಿ ಜನಪದ ಗೀತೆ ಸ್ಪರ್ಧೆಗೆ ನಿಲ್ಲುವ ಮಕ್ಕಳು ಸೂಜುಮಲ್ಲಿಗೆಯನ್ನು ಹಾಡುವುದು ಅನನ್ಯಾ ಅವರ ಆ ನಿಧಾನದಲ್ಲೇ. ಮಗುವಿನ ಅಜ್ಜ ಗುಡ್ಡನಾಗಿದ್ದರೂ ಧಾಟಿ ಕಲಿತದ್ದು ಫೋನಿನಿಂದ. ಇದರಿಂದ ಬೇಸರಪಟ್ಟವರ ಮಾತು ಕೇಳಿದ್ದೇನೆ, ನನಗೆ ಆ ಬೇಸರವಿಲ್ಲ. ಹೊಸ ಧಾಟಿಯನ್ನು ಒಳಗೆ ಬಿಟ್ಟುಕೊಳ್ಳದೆ ಗುಡ್ಡರ ಕಾವ್ಯ ಇಷ್ಟು ದೂರ ಬಂದಿರಲಾರದು. ನಾಳೆ ಯಾವುದೋ ಮೇಳದ ಮುಂದಾಳು ಕೂತ ಕತೆಯ ಶುರುವಿಗೆ ಅನನ್ಯಾ ಅವರ ಧಾಟಿಯಲ್ಲಿ ಮಲ್ಲಿಗೆ ಎತ್ತಿ, ಜೊತೆಯವರು ಅದರ ಬಾಲ ಹಿಡಿದು ಎಳೆದು, ಅಲ್ಲಿಂದ ಸಂಕಮ್ಮನ ಸಾಲಿಗೆ ಇಳಿದರೆ ಅದನ್ನು ಕೇಳಲು ನಾನು ಹನೂರಿಗಾಗಲಿ ಬೆಟ್ಟಕ್ಕಾಗಲಿ ಹೋಗಲು ಸಿದ್ಧ. ಅಜ್ಜ ಇನ್ನೂ ಇರುವ ಮನೆಗಳಲ್ಲಿ ಮೇಷ್ಟ್ರುಗಳು ಒಂದು ಕೆಲಸ ಮಾಡಬಹುದು. ಸ್ಪರ್ಧೆಗೆ ಹೋಗುವ ಮಗುವಿಗೆ ಪದದ ಹಿಂದಿನ ಸಾಲನ್ನು ಅಜ್ಜನಿಂದ ಹೇಳಿಸಿ, ಫೋನು ಹೇಗೂ ಕೈಯಲ್ಲೇ ಇರುತ್ತದೆ, ಅದನ್ನು ರೆಕಾರ್ಡು ಮಾಡಿಸಬಹುದು.